ಡಂಗುರ ಸಾರಿದವರಿಗೆ ಸುದ್ದಿಯಿಲ್ಲ



ಊರಿನ ಸುದ್ದಿಯನ್ನು ಊರಿಗೆ ಸಾರಿದವರು ಯಾರು? ನಾವು. ಜಾತ್ರೆ ಯಾವತ್ತು, ಕೆರೆ ತೂಬು ಎತ್ತೋದು ಯಾವತ್ತು, ಕಂದಾಯ ಕಟ್ಟೋಕೆ ಕಡೇ ದಿನ ಯಾವುದು, ಅಮಲ್ದಾರರ ಸವಾರಿ ಯಾವಾಗ ಬರುತ್ತೆ, ಎಲ್ಲವನ್ನೂ ತಮಟೆ ಬಡಿದು ಬೀದಿ ಬೀದಿಯಲ್ಲಿ ಕೂಗಿದವರು ನಮ್ಮ ತಾತಂದಿರು. ಗೌಡರ ಮನೆಯಲ್ಲಿ ಸಾವಾದರೆ ರಾತ್ರೋರಾತ್ರಿ ಹತ್ತು ಹದಿನೈದು ಮೈಲಿ ನಡೆದು ನೆಂಟರ ಊರಿಗೆ ಸುದ್ದಿ ಮುಟ್ಟಿಸಿದವರೂ ಅವರೇ. ಮುಟ್ಟಿಸಿ, ಹೊರಗೇ ಕೂತು, ಕೊಟ್ಟದ್ದನ್ನ ಹೊರಗೇ ಉಂಡು, ಹೊರಗಿಂದಲೇ ವಾಪಸು ಬಂದರು. ಸುದ್ದಿಗೆ ಮೈಲಿಗೆ ಇರಲಿಲ್ಲ. ಸುದ್ದಿ ತಂದವನಿಗೆ ಇತ್ತು.

ಇವತ್ತು ಪಟ್ಟಣಗಳಲ್ಲಿ ತಮಟೆಯ ಜಾಗಕ್ಕೆ ಆಟೋ ಬಂದಿದೆ, ಆಟೋ ತಲೆ ಮೇಲೆ ಮೈಕು ಬಂದಿದೆ. ನಗರಸಭೆಯ ಗೋಡೆಗೆ ಗಾಜಿನ ಬಾಗಿಲಿನ ನೋಟೀಸ್ ಬೋರ್ಡು ಬಂದಿದೆ, ಬೋರ್ಡಿಗೆ ಬೀಗ ಬಂದಿದೆ. ಸರ್ಕಲ್ಲಿನಲ್ಲಿ ಫ್ಲೆಕ್ಸು, ಕೈಯಲ್ಲಿರೋ ಫೋನಿಗೆ ಸಂದೇಶ. "ಸಾರ್ವಜನಿಕರ ಗಮನಕ್ಕೆ" ಅಂತ ಶುರುವಾಗುತ್ತೆ, "ನಾಗರಿಕ ಬಂಧುಗಳೇ" ಅಂತ ಕೂಗುತ್ತೆ. ಏನು ಸುದ್ದಿ? ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ. ಪಾರ್ಕಿನಲ್ಲಿ ಯೋಗ. ಪುರಭವನದಲ್ಲಿ ರಾಜ್ಯೋತ್ಸವದ ರಸಮಂಜರಿ. ಮಳಿಗೆಗಳ ಹರಾಜು. ಕಸ ಬೇರ್ಪಡಿಸಿ ಕೊಡಿ, ನಗರಕ್ಕೆ ಪ್ರಶಸ್ತಿ ತನ್ನಿ. ಆಸ್ತಿ ಉಳ್ಳವನಿಗೆ ರಿಯಾಯಿತಿಯ ಸುದ್ದಿ, ಬಿಡುವು ಉಳ್ಳವನಿಗೆ ಪಾರ್ಕಿನ ಸುದ್ದಿ, ದುಡ್ಡು ಉಳ್ಳವನಿಗೆ ಹರಾಜಿನ ಸುದ್ದಿ.

ಕೇರಿಗೆ, ಕೊಳೆಗೇರಿಗೆ, ರೈಲು ಹಳಿ ಪಕ್ಕದ ಶೆಡ್ಡುಗಳಿಗೆ ನಗರಸಭೆಯಿಂದ ಬರೋ ಸುದ್ದಿ ಒಂದೇ. ಅದರ ಹೆಸರು ನೋಟೀಸು. ಇಷ್ಟು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಈ ಸುದ್ದಿ ಮಾತ್ರ ತಪ್ಪದೆ ಬರುತ್ತೆ. ಮನೆ ನಂಬರು ಇಲ್ಲದ ಮನೆಗೂ ಬರುತ್ತೆ. ನಲ್ಲಿ ಹಾಕಿಸಿಕೊಳ್ಳೋಕೆ ಅರ್ಜಿ ಕೊಟ್ಟಾಗ "ನಿಮಗೆ ವಿಳಾಸವೇ ಇಲ್ವಲ್ಲ" ಅಂದ ಗುಮಾಸ್ತನಿಗೆ ಅವತ್ತು ವಿಳಾಸ ತಾನಾಗೇ ಸಿಗುತ್ತೆ.

ನಾವು ಈ ಪುಟಗಳಲ್ಲಿ ಹೇಳಬೇಕಾದ್ದು ಇಷ್ಟು: ನಗರಸಭೆಯ ಸುದ್ದಿ ಅನ್ನೋದು ಬರೀ ಮಾಹಿತಿ ಅಲ್ಲ, ಅದು ಅಧಿಕಾರ. ಯಾವ ಸಭೆ ಯಾವತ್ತು, ಯಾವ ಠರಾವು ಪಾಸಾಯಿತು, ಯಾವ ದುಡ್ಡು ಯಾರ ಹೆಸರಲ್ಲಿ ಬಂತು, ಇದು ಗೊತ್ತಿರೋನು ನಾಗರಿಕ. ಗೊತ್ತಿಲ್ಲದವನು ಕಸ ಹೊರೋನು. ಕೇರಿಗೆ ಕಾನೂನು ಬಂದಿದೆ, ಮೀಸಲಾತಿ ಬಂದಿದೆ, ಹಣವೂ ಕಾಗದದ ಮೇಲೆ ಬಂದಿದೆ. ಅದರ ಸುದ್ದಿ ಬಂದಿಲ್ಲ. ಸುದ್ದಿ ತಡೆಹಿಡಿಯೋದು ನೀರು ತಡೆಹಿಡಿದಷ್ಟೇ ದೊಡ್ಡ ಅಸ್ಪೃಶ್ಯತೆ.

ನೀರು ಅಂದ ಕೂಡಲೆ ಮಹಾಡ್ ನೆನಪಾಗಬೇಕು. ಮಹಾಡ್ ಸತ್ಯಾಗ್ರಹ ಅಂತ ಭಾಷಣದಲ್ಲಿ ಹೇಳ್ತೀವಿ. ಅದು ಶುರುವಾಗಿದ್ದೇ ಒಂದು ಪುರಸಭೆಯ ಠರಾವಿನಿಂದ ಅನ್ನೋದನ್ನ ಮರೀತೀವಿ. 1923ರಲ್ಲಿ ಮುಂಬೈ ಶಾಸನಸಭೆ, ಸಾರ್ವಜನಿಕ ಬಾವಿ, ಕೆರೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಎಸ್.ಕೆ. ಬೋಲೆಯವರ ನಿರ್ಣಯವನ್ನ ಒಪ್ಪಿತು. ಅದನ್ನ ಅನುಸರಿಸಿ 1924ರ ಜನವರಿಯಲ್ಲಿ ಮಹಾಡ್ ಪುರಸಭೆ ತನ್ನ ಕೆರೆಗಳನ್ನ ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿತು. ಕಾಗದದ ಮೇಲೆ ಚವದಾರ್ ಕೆರೆ ಅವತ್ತೇ ನಮ್ಮದಾಯಿತು. ಆದರೆ ಮೂರು ವರ್ಷ ನಮ್ಮವರಲ್ಲಿ ಒಬ್ಬರೂ ಒಂದು ಬೊಗಸೆ ನೀರು ಕುಡಿಯೋಕಾಗಲಿಲ್ಲ. ಠರಾವು ಪುಸ್ತಕದಲ್ಲಿ ಮಲಗಿತ್ತು. ಅದನ್ನ ಎಬ್ಬಿಸೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ಕೆರೆಯ ನೀರು ಕುಡಿಯಬೇಕಾಯಿತು.

ಆಮೇಲೆ ಏನಾಯಿತು ನೋಡಿ. ಪುರಸಭೆಯ ನಿಜವಾದ ಠರಾವು ಮೂರು ವರ್ಷದಲ್ಲಿ ಊರ ಬೀದಿಗೆ ಇಳೀಲಿಲ್ಲ. ಆದರೆ "ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ತಾರಂತೆ" ಅನ್ನೋ ಸುಳ್ಳು ಸುದ್ದಿ ಅದೇ ದಿನ, ಕೆಲವೇ ಗಂಟೆಗಳಲ್ಲಿ, ಇಡೀ ಊರಿಗೆ ಹಬ್ಬಿತು. ದೊಣ್ಣೆಗಳು ಹೊರಗೆ ಬಂದವು. ಊರಿಗೆ ವಾಪಸು ಹೊರಟಿದ್ದ ನಮ್ಮವರ ತಲೆಗಳು ಒಡೆದವು. ಕೆರೆಗೆ ಸೆಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಪುರಸಭೆ ತನ್ನ ಠರಾವನ್ನ ತಾನೇ ವಾಪಸು ತಗೊಂಡಿತು. ಡಿಸೆಂಬರ್ 25ಕ್ಕೆ ಬಾಬಾಸಾಹೇಬರು ಮನುಸ್ಮೃತಿಯನ್ನ ಸುಟ್ಟರು. ಕೆರೆಯ ಮೇಲಿನ ಮೊಕದ್ದಮೆ ಮುಂಬೈ ಹೈಕೋರ್ಟಿನಲ್ಲಿ ಗೆಲ್ಲೋ ಹೊತ್ತಿಗೆ 1937 ಬಂದಿತ್ತು. ಹದಿಮೂರು ವರ್ಷದ ಹಿಂದಿನ ಒಂದು ಪುರಸಭೆ ಠರಾವು ಬೀದಿಗೆ ಇಳಿಯೋಕೆ ಇಷ್ಟೆಲ್ಲ ಬೇಕಾಯಿತು. ಪುರಸಭೆ ರಾಜಕೀಯ ಸಣ್ಣದು ಅನ್ನೋರು ಈ ಲೆಕ್ಕವನ್ನ ಇನ್ನೊಂದು ಸಲ ಹಾಕಲಿ.

ಬಾಬಾಸಾಹೇಬರಿಗಿಂತ ಮುಂಚೆ ಜೋತಿಬಾ ಫುಲೆ ಕೂಡ ಪುರಸಭೆಯೊಳಗೇ ಕೂತಿದ್ದರು. 1876ರಿಂದ ಕೆಲವು ವರ್ಷ ಅವರು ಪುಣೆ ಪುರಸಭೆಯ ಸದಸ್ಯರು. ವೈಸರಾಯ್ ಲಿಟನ್ ಬರ್ತಾನೆ, ಊರನ್ನ ಸಿಂಗಾರ ಮಾಡೋಕೆ ಪುರಸಭೆಯ ದುಡ್ಡು ಖರ್ಚು ಮಾಡೋಣ ಅಂದಾಗ ಇಡೀ ಸಭೆಯಲ್ಲಿ ಬೇಡ ಅಂದ ಒಂದೇ ಕೈ ಫುಲೆಯವರದು. ಆ ದುಡ್ಡು ಬಡವರ ಮಕ್ಕಳ ಅಕ್ಷರಕ್ಕೆ ಹೋಗಲಿ ಅನ್ನೋದು ಅವರ ವಾದ. ತೋರಣ ಕಟ್ಟೋ ದುಡ್ಡು ಯಾರದು, ತೋರಣದ ಕೆಳಗೆ ನಡೆಯೋರು ಯಾರು, ಮಾರನೇ ದಿನ ಆ ಬಾಡಿದ ತೋರಣ ಎತ್ತೋರು ಯಾರು? ಈ ಪ್ರಶ್ನೆ ಇವತ್ತಿಗೂ ನಮ್ಮ ನಗರಸಭೆಗಳ ಎದುರು ಹಾಗೇ ನಿಂತಿದೆ.

ಕರ್ನಾಟಕಕ್ಕೆ ಬರೋಣ. ಬಿ. ಬಸವಲಿಂಗಪ್ಪನವರು ಅಂದ ಕೂಡಲೆ ಎಲ್ಲರಿಗೂ ಬೂಸಾ ನೆನಪಾಗುತ್ತೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಒಂದು ಮಾತಿಗೆ ಸಾಹಿತ್ಯದ ವಾರಸುದಾರರೆಲ್ಲ ಬೀದಿಗೆ ಬಂದರು, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರ ಮೇಲೆ ಕಲ್ಲು ಬಿದ್ದವು, ಮಂತ್ರಿಗಿರಿ ಹೋಯಿತು. ಆ ಗಲಾಟೆಯ ಬೂದಿಯಿಂದಲೇ ಈ ನಾಡಿನ ದಲಿತ ಚಳವಳಿ ಎದ್ದದ್ದು. ಸರಿ. ಆದರೆ ಅದೇ ಮನುಷ್ಯ ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದರು ಅನ್ನೋದು ಎಷ್ಟು ಜನರ ಬಾಯಲ್ಲಿದೆ? ಬೂಸಾ ಅಂದದ್ದು ಐವತ್ತು ವರ್ಷದಿಂದ ಸುದ್ದಿ. ತಲೆ ಮೇಲಿನ ಬುಟ್ಟಿ ಇಳಿಸಿದ್ದು ಸುದ್ದಿಯೇ ಅಲ್ಲ. ಸಾಹಿತ್ಯದ ಮೈಮೇಲೆ ಬಿದ್ದ ಒಂದು ಮಾತಿಗೆ ಇರೋ ಬೆಲೆ, ಮನುಷ್ಯರ ತಲೆ ಮೇಲಿಂದ ಇಳಿದ ಹೊರೆಗೆ ಇಲ್ಲ. ಇದು ನಮ್ಮ ಸುಸಂಸ್ಕೃತ ಸಮಾಜದ ಸುದ್ದಿ ನೀತಿ.

ಈಗ ಹಬ್ಬಗಳ ಮಾತು. ಬೆಂಗಳೂರಿನಲ್ಲಿ ಕಾರ್ತೀಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತೆ. ಲಕ್ಷಗಟ್ಟಲೆ ಜನ. ಪತ್ರಿಕೆಗಳ ತುಂಬ ರಾಶಿ ಕಡಲೆಕಾಯಿ ಮುಂದೆ ನಗೋ ಮಕ್ಕಳ ಚಿತ್ರ. ನಾವು ಪರಿಷೆಯನ್ನ ಬೈತಾ ಇಲ್ಲ. ಅದು ರೈತರು ತಂದು ಮಾರೋ ಸಂತೆ, ಬಡವರೂ ಒಂದು ಸೇರು ಕೊಂಡು ತಿನ್ನೋ ಹಬ್ಬ. ನಾವು ಕೇಳೋದು ಮಾರನೇ ದಿನದ ಸುದ್ದಿ. ಆ ಸಿಪ್ಪೆ, ಆ ಎಲೆ, ಆ ಪ್ಲಾಸ್ಟಿಕ್ಕು ಎತ್ತಿದವರ ಚಿತ್ರ ಎಲ್ಲಿ? ಡಿಸೆಂಬರ್ 31ರ ರಾತ್ರಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಹೊಸ ವರ್ಷ ಕುಣಿಯುತ್ತೆ. ಬೆಳಕು ಹರಿಯೋ ಮುಂಚೆ ಒಡೆದ ಬಾಟಲಿ, ವಾಂತಿ, ಒಂಟಿ ಚಪ್ಪಲಿಗಳ ನಡುವೆ ಬಗ್ಗಿ ಗುಡಿಸ್ತಾ ಇರೋರು ನಮ್ಮ ಅಕ್ಕಂದಿರು. ಅವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ಪರಿಶಿಷ್ಟರು, ಎಷ್ಟೋ ಜನರ ಮನೆಮಾತು ತೆಲುಗು. ಇದೇ ಊರಲ್ಲಿ ಹುಟ್ಟಿ, ಇದೇ ಊರನ್ನ ಗುಡಿಸಿ, ಇದೇ ಊರಲ್ಲಿ ಸಾಯೋ ಅವರನ್ನ ಯಾವ ನಾಗರಿಕ ಬಂಧುಗಳ ಪಟ್ಟಿಗೆ ಸೇರಿಸಿದ್ದೀರಿ? ಊರಿಗೆ ಅದು ಹೊಸ ವರ್ಷದ ಮೊದಲ ದಿನ. ಅವರಿಗೆ ಅದು ಕಸ ಜಾಸ್ತಿ ಇರೋ ದಿನ.

ಪ್ರಶಸ್ತಿಗಳ ಮಾತೂ ಅಷ್ಟೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲನೆಯದಾಯಿತು. ಅರಮನೆ ನಗರಿ, ಸಾಂಸ್ಕೃತಿಕ ನಗರಿ, ಸ್ವಚ್ಛ ನಗರಿ ಅಂತ ಕೊಂಡಾಡಿದರು. ಸ್ವಚ್ಛತೆ ಅರಮನೆಯ ಗುಣ ಅಂದುಕೊಂಡರು. ಅದು ಪೊರಕೆಯ ಕೆಲಸ. ಪೊರಕೆ ಹಿಡಿದ ಕೈಗೆ ಕೈಗವಸು ಇತ್ತೋ ಇಲ್ಲವೋ, ಆ ಕೈಗೆ ಸಂಬಳ ಎಷ್ಟನೇ ತಾರೀಖು ಬಂತು ಅನ್ನೋದಕ್ಕೆ ಎಷ್ಟು ಅಂಕ ಇಟ್ಟಿದ್ದರು ಅಂತ ಒಬ್ಬ ಸಂಪಾದಕನೂ ಕೇಳಲಿಲ್ಲ.

ಪೌರಕಾರ್ಮಿಕರ ದಿನಾಚರಣೆ ಅಂತ ಒಂದಿದೆ, ಸೆಪ್ಟೆಂಬರ್ 23. ಅವತ್ತು ಎಲ್ಲ ನಗರಸಭೆಗಳಲ್ಲೂ ಶಾಮಿಯಾನ ಏಳುತ್ತೆ. ಕೆಲವು ಕಡೆ ಅಧಿಕಾರಿಗಳು ಅವರ ಕಾಲು ತೊಳೀತಾರೆ, ಹೂ ಎರಚ್ತಾರೆ, ಜೊತೆಗೆ ಕೂತು ಊಟ ಮಾಡ್ತಾರೆ, ಊಟ ಮಾಡಿದ್ದರ ಫೋಟೋ ತೆಗೆಸ್ತಾರೆ. ಒಂದು ದಿನದ ಈ ಪಾದಪೂಜೆಗೆ ನಾವು ಕೈಮುಗಿದು ಕೇಳ್ತೀವಿ: ಕಾಲು ತೊಳೆಯೋದು ಬೇಡ ಸ್ವಾಮಿ, ಕಾಲಿಗೆ ಬೂಟು ಕೊಡಿ. ಜೊತೇಲಿ ಊಟ ಬೇಡ, ಮಸ್ಟರಿಂಗ್ ಜಾಗದಲ್ಲಿ ಒಂದು ಪಾಯಿಖಾನೆ ಕಟ್ಟಿಸಿ. ಮುಂಜಾನೆ ಕತ್ತಲಲ್ಲಿ ಮನೆ ಬಿಟ್ಟ ಹೆಂಗಸು ಮಧ್ಯಾಹ್ನದವರೆಗೆ ಎಲ್ಲಿಗೆ ಹೋಗಬೇಕು? ಪೂಜೆ ಮಾಡಿಸ್ಕೊಳ್ಳೋನು ಹಕ್ಕು ಕೇಳೋ ಹಾಗಿಲ್ಲ ಅನ್ನೋದು ಪುರೋಹಿತಶಾಹಿಯ ಹಳೇ ಉಪಾಯ.

ಹಕ್ಕು ಪೂಜೆಯಿಂದ ಬರಲಿಲ್ಲ. 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಐನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಅಂದಿತ್ತು. ಸರ್ಕಾರ ಅದನ್ನ ಏಳುನೂರಕ್ಕೆ ಒಬ್ಬರು ಅಂತ ಮಾಡಿಕೊಂಡಿತು. ಆಮೇಲೆ ಗುತ್ತಿಗೆ ಬಂತು. ಗುತ್ತಿಗೆದಾರ ಬಂದ, ಅವನ ಕೆಳಗೆ ಮೇಸ್ತ್ರಿ ಬಂದ. ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರುಗಳು ಸಂಬಳ ತಗೊಂಡವು, ಬೀದಿಯಲ್ಲಿ ಇದ್ದ ಹೆಂಗಸರಿಗೆ ಸಂಬಳ ಬರಲಿಲ್ಲ. 2018ರಲ್ಲಿ ಗುತ್ತಿಗೆ ತೆಗೆದು ನೇರ ಪಾವತಿ ಅಂದರು. ಆ ವರ್ಷವೇ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕ ತನ್ನ ಜೀವ ತಾನೇ ತೆಗೆದುಕೊಂಡ. 2022ರ ಜುಲೈ ಮೊದಲ ವಾರ ಸಾವಿರಾರು ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕು ದಿನ. ನಾಲ್ಕೇ ದಿನಕ್ಕೆ ಊರು ನಾರಿತು. ಊರಿಗೆ ಮೂಗು ಇದೆ ಅಂತ ಸರ್ಕಾರಕ್ಕೆ ಅವತ್ತು ಗೊತ್ತಾಯಿತು. ಕಾಯಂ ಮಾಡ್ತೀವಿ ಅಂತ ಬರೆದುಕೊಟ್ಟರು. 2025ರ ಮೇ ದಿನದಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು.

ಇದು ದೊಡ್ಡ ಗೆಲುವು. ಆದರೆ ಫ್ಲೆಕ್ಸುಗಳಲ್ಲಿ ಇದು ಹೇಗೆ ಸುದ್ದಿಯಾಯಿತು? ಕೊಡುಗೆ ಅಂತ. ಭಾಗ್ಯ ಅಂತ. ಕೊಟ್ಟವರ ಮುಖ ದೊಡ್ಡದಾಗಿ, ಪಡೆದವರ ಮುಖ ಸಾಲಾಗಿ, ಚಿಕ್ಕದಾಗಿ. ಫ್ರೀಡಂ ಪಾರ್ಕಿನ ನಾಲ್ಕು ದಿನ ಆ ಫ್ಲೆಕ್ಸಿನಲ್ಲಿ ಇರಲಿಲ್ಲ. ಹೋರಾಟವನ್ನ ದಾನ ಅಂತ ತಿದ್ದಿ ಬರೆಯೋದೇ ಆಳೋರ ಸುದ್ದಿ. ನಾಳೆ ನಮ್ಮ ಮಕ್ಕಳು ಆ ಫ್ಲೆಕ್ಸು ಓದಿ, ಹಕ್ಕು ಅಂದರೆ ಯಾರೋ ದೊಡ್ಡೋರು ಕೊಡೋದು ಅಂದುಕೊಂಡರೆ ಮತ್ತೆ "ಬುದ್ಧೀ" ಅಂತ ಕೈಕಟ್ಟಿ ನಿಲ್ಲೋ ಕಾಲ ಬರುತ್ತೆ.

ಸಾವಿನ ಸುದ್ದಿ ಇನ್ನೂ ಕೆಟ್ಟದು. ಮ್ಯಾನ್‌ಹೋಲಿಗೆ ಇಳಿದವರು ಸತ್ತಾಗ ಪತ್ರಿಕೆಯಲ್ಲಿ ನಾಲ್ಕು ಸಾಲು: ಉಸಿರುಗಟ್ಟಿ ಇಬ್ಬರ ಸಾವು. ಉಸಿರು ತಾನಾಗೇ ಕಟ್ಟಿತೇ? ಇಳಿಸಿದವರು ಯಾರು? ಗುಂಡಿ ಯಾರದು, ಟೆಂಡರು ಯಾರದು? 1993ರಲ್ಲಿ ಕಾನೂನು ಬಂತು. 2013ರಲ್ಲಿ ಇನ್ನೂ ಗಟ್ಟಿ ಕಾನೂನು ಬಂತು. 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಿ ಅಂದಿತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳ ಹೆಸರು ಹಿಡಿದು, ಅಲ್ಲಿ ಮನುಷ್ಯರನ್ನ ಗುಂಡಿಗೆ ಇಳಿಸೋದು ನಿಲ್ಲಬೇಕು ಅಂತ ಮತ್ತೆ ಹೇಳಬೇಕಾಯಿತು. ಒಂದೇ ಮಾತನ್ನ ಮೂವತ್ತೆರಡು ವರ್ಷದಲ್ಲಿ ಎಷ್ಟು ಸಲ ಹೇಳಿಸಿಕೊಳ್ಳಬೇಕು ಈ ದೇಶ? ಈಗ ಹೇಳಿ: 10 ಲಕ್ಷ, 30 ಲಕ್ಷದ ಈ ಆದೇಶ ನಿಮ್ಮ ಊರಿನ ನಗರಸಭೆಯ ನೋಟೀಸ್ ಬೋರ್ಡಿನಲ್ಲಿ ಯಾವತ್ತಾದರೂ ಅಂಟಿತ್ತಾ? ಆಟೋದ ಮೈಕಿನಲ್ಲಿ ಕೂಗಿದರಾ? ಗಂಡನನ್ನ ಗುಂಡಿಗೆ ಕಳಿಸಿ ಕಳಕೊಂಡ ಹೆಂಗಸಿಗೆ ಈ ಸುದ್ದಿ ಮುಟ್ಟಿಸಬೇಕಾದ್ದು ಯಾರು? ಅವರ ಸಾವಿನ ಸುದ್ದಿ ಹೊತ್ತು ಮೈಲಿಗಟ್ಟಲೆ ನಡೆದೆವು ನಾವು. ನಮ್ಮ ಸಾವಿನ ಸುದ್ದಿ ಹೊರೋಕೆ ಅವರಿಗೆ ಒಂದು ಫರ್ಲಾಂಗೂ ದೂರ.

ಮನೆ ಕೆಡವೋ ಸುದ್ದಿಗೂ ಬರೋಣ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸುಮಾರು 1500 ಬಡ ಕುಟುಂಬಗಳನ್ನ ಚಳಿಯಲ್ಲಿ ಬೀದಿಗೆ ತಳ್ಳಿದರು. ಪಾಲಿಕೆಯೇ ಬಡವರಿಗೆ ಅಂತ ವಸತಿ ಕಟ್ಟಿದ್ದ ಜಾಗ ಅದು. ಆ ನೆಲದ ಒಂದು ಪಾಲಿನ ಮೇಲೆ ಮಾಲು ಕಟ್ಟೋ ಒಪ್ಪಂದ ಖಾಸಗಿಯವರ ಜೊತೆ ಆಗಿತ್ತು. ಮಾಲಿನ ನಕ್ಷೆ ಮೊದಲು ನೋಡಿದವರು ಯಾರು, ಬುಲ್ಡೋಜರು ಮೊದಲು ನೋಡಿದವರು ಯಾರು? ಅದಕ್ಕೂ ಮುಂಚೆ, 2010ರ ಜುಲೈ. ಹಾವೇರಿ ಜಿಲ್ಲೆಯ ಸವಣೂರು. ತಲೆಮಾರುಗಳಿಂದ ಆ ಊರಿನ ಮಲ ಬಳಿದ ಭಂಗಿ ಸಮುದಾಯದವರನ್ನ ಅವರು ಇದ್ದ ಜಾಗದಿಂದ ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟೋ ಯೋಜನೆ. ಅರ್ಜಿ ಕೊಟ್ಟರು, ಯಾರೂ ಓದಲಿಲ್ಲ. ಕೊನೆಗೆ ಅವರು ಪುರಸಭೆ ಕಚೇರಿಯ ಎದುರಿಗೇ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಅವತ್ತು ಇಡೀ ದೇಶಕ್ಕೆ ಸುದ್ದಿಯಾಯಿತು.

ಇದನ್ನ ಸ್ವಲ್ಪ ಯೋಚಿಸಿ, ಗೆಳೆಯರೇ. ಉಳ್ಳವರ ಬೀದಿಯಲ್ಲಿ ಒಂದು ದೀಪ ಕೆಟ್ಟರೆ ಅದು ಸುದ್ದಿ. ನಾವು ಸುದ್ದಿಯಾಗಬೇಕಾದರೆ ಮೈಮೇಲೆ ಮಲ ಸುರಿದುಕೊಳ್ಳಬೇಕು. ಪುರಸಭೆ ಕಚೇರಿಗೂ ನಮ್ಮ ಕೇರಿಗೂ ನಡುವೆ ಇರೋ ದೂರದ ಅಳತೆ ಇದು.

"ನಿವಾಸಿ" ಅನ್ನೋ ಮಾತು ನೋಡಿ. ನಿವಾಸಿಗಳ ಸಂಘ ಅಂತ ಇರುತ್ತೆ. ಅದರ ಸಭೆಗೆ ಇಂಜಿನಿಯರು ಬರ್ತಾರೆ, ಹೆಲ್ತ್ ಇನ್‌ಸ್ಪೆಕ್ಟರು ಬರ್ತಾರೆ. ಆ ಸಂಘದಲ್ಲಿ ಮನೆ ಮಾಲೀಕರು ಇರ್ತಾರೆ. ಅದೇ ಬೀದಿಯ ಮನೆಗಳಲ್ಲಿ ಪಾತ್ರೆ ತೊಳೆಯೋ ಹೆಂಗಸು, ಅದೇ ಬೀದಿಯ ತಿರುವಿನಲ್ಲಿ ಇಸ್ತ್ರಿ ಮಾಡೋ ಅಗಸ, ಅದೇ ಬೀದಿ ಗುಡಿಸೋ ಅಕ್ಕ, ಹಿಂದಿನ ರಾಜಕಾಲುವೆ ಪಕ್ಕ ವಾಸ ಇರೋ ನೂರು ಮನೆಯವರು, ಇವರು ಯಾರೂ ನಿವಾಸಿಗಳಲ್ಲ. ಅವರು ಸಮಸ್ಯೆ. ನಿವಾಸಿಗಳ ಸಭೆಯ ಚರ್ಚೆಗೆ ಬರೋ ವಿಷಯ ಅವರು.

ಸಂವಿಧಾನ ಹಾಗೆ ಹೇಳಲಿಲ್ಲ. 1993ರ ಜೂನ್ 1ರಿಂದ ಜಾರಿಯಾದ 74ನೇ ತಿದ್ದುಪಡಿ ನಗರಸಭೆಯಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಸ್ಥಾನ ಮೀಸಲಿಟ್ಟಿತು. ಮೂರು ಲಕ್ಷ ಜನಸಂಖ್ಯೆ ದಾಟಿದ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂದಿತು. ಕರ್ನಾಟಕದ ಮಹಾನಗರ ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ, ವಾರ್ಡ್ ಸಮಿತಿಗೆ ನೇಮಿಸೋ ಹತ್ತು ಜನರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಮೂವರು ಹೆಂಗಸರು ಇರಬೇಕು ಅಂತ ಬರೆಯಿತು. ಆ ಇಬ್ಬರು ಯಾರು ಅಂತ ನಮ್ಮ ಕೇರಿಯಲ್ಲಿ ಕೇಳಿ ನೋಡಿ. "ಅಂಗಂದ್ರೇನ್ ಮಗಾ?" ಅಂತ ಕೇಳೋರೇ ಹೆಚ್ಚು.

ಇನ್ನು ಬೆಂಗಳೂರಿನಲ್ಲಿ ಸಭೆಯೇ ಇಲ್ಲದೆ ವರ್ಷಗಟ್ಟಲೆ ಆಡಳಿತ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯೋ ಮುಂಚೆಯೇ ಚುನಾವಣೆ ನಡೀಬೇಕು ಅಂತ ಸಂವಿಧಾನ ಹೇಳುತ್ತೆ. ಪೂರ್ತಿ ಐದು ವರ್ಷ ಕಳೆದರೂ ನಡೀಲಿಲ್ಲ. ಒಂದು ಸಲ 198 ವಾರ್ಡು ಅಂದರು, ಒಂದು ಸಲ 243 ಅಂದರು, ಇನ್ನೊಂದು ಸಲ 225 ಅಂದರು, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ಐದು ಪಾಲು ಮಾಡಿದರು. ಊರು ಎಷ್ಟು ತುಂಡಾಗಬೇಕು ಅನ್ನೋ ಚರ್ಚೆಯಲ್ಲಿ ಒಂದು ಮಾತು ಮುಚ್ಚಿಹೋಯಿತು: ಸದಸ್ಯರೇ ಇಲ್ಲದ ಪಾಲಿಕೆಯಲ್ಲಿ ಮೀಸಲಾತಿ ಎಲ್ಲಿರುತ್ತೆ? ಉಳ್ಳವರಿಗೆ ಕಾರ್ಪೊರೇಟರ್ ಇಲ್ಲದಿದ್ದರೂ ನಡೆಯುತ್ತೆ, ಅವರು ಕಮಿಷನರಿಗೆ ಫೋನು ಮಾಡ್ತಾರೆ. ನಮಗೆ ಫೋನು ನಂಬರು ಗೊತ್ತಿಲ್ಲ. ನಮಗೆ ಗೊತ್ತಿದ್ದದ್ದು ವಾರ್ಡಿನ ಮೆಂಬರನ ಮನೆ ಬಾಗಿಲು ಒಂದೇ.

ದುಡ್ಡಿನ ಸುದ್ದಿ ಎಲ್ಲಕ್ಕಿಂತ ಗುಟ್ಟು. ಈ ರಾಜ್ಯದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳ ಬಜೆಟ್ಟಿನಲ್ಲಿ ಶೇ. 24.10 ಪರಿಶಿಷ್ಟ ಜಾತಿ ಪಂಗಡದವರ ಏಳಿಗೆಗೆ ಎತ್ತಿಡಬೇಕು. ಕಚೇರಿಯ ಒಳಗಿರೋರು ಇದನ್ನ "ಇಪ್ಪತ್ನಾಲ್ಕು ಪಾಯಿಂಟ್ ಹತ್ತು" ಅಂತಲೇ ಕರೀತಾರೆ. ಅವರಿಗೆ ಬಾಯಿಪಾಠ. ಗುತ್ತಿಗೆದಾರನಿಗೂ ಬಾಯಿಪಾಠ. ಯಾರ ದುಡ್ಡೋ ಅವರಿಗೆ ಮಾತ್ರ ಗೊತ್ತಿಲ್ಲ. ಈ ಅಂಕಿಯಿಂದ ನಮ್ಮ ಹುಡುಗರ ಫೀಸು ಹೋಗಬಹುದಿತ್ತು, ನಲ್ಲಿ ಬರಬಹುದಿತ್ತು, ಪಾಯಿಖಾನೆ ಏಳಬಹುದಿತ್ತು. ಇಡೀ ಊರು ಓಡಾಡೋ ರಸ್ತೆಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯೋದು ಇವರಿಗೆ ಹೊಸ ವಿದ್ಯೆಯಲ್ಲ. ರಾಜ್ಯದ ಉಪಯೋಜನೆ ಕಾಯ್ದೆಯಲ್ಲೇ ಅಂಥ ಕಳ್ಳದಾರಿ ಬಿಟ್ಟಿದ್ದ 7ಡಿ ಕಲಮನ್ನ ತೆಗೆಸೋಕೆ 2013ರಿಂದ 2023ರವರೆಗೆ ಹತ್ತು ವರ್ಷ ಕೂಗಬೇಕಾಯಿತು. ಇನ್ನು ಸಮುದಾಯ ಭವನ, ಅಂಬೇಡ್ಕರ್ ಭವನಗಳ ಕತೆ ನಿಮಗೇ ಗೊತ್ತು. ಏಪ್ರಿಲ್ 14ಕ್ಕೆ ಬೀಗ ತೆಗೀತಾರೆ, ಹಾರ ಹಾಕ್ತಾರೆ, 15ಕ್ಕೆ ಬೀಗ ಹಾಕ್ತಾರೆ. ಬಾಬಾಸಾಹೇಬರನ್ನ ವರ್ಷದಲ್ಲಿ 364 ದಿನ ಒಳಗೆ ಕೂಡಿಹಾಕಿ, ಬೀಗದ ಕೈಯನ್ನ ಇಂಜಿನಿಯರನ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟಿರ್ತಾರೆ.

ನಮ್ಮಲ್ಲೇ ಕೆಲವು ಗೆಳೆಯರು ಕೇಳ್ತಾರೆ: "ಚರಂಡಿ, ನಲ್ಲಿ, ಬೀದಿದೀಪ ಇವೆಲ್ಲ ಸುಧಾರಣೆಯ ಮಾತು, ನಮಗೆ ಬೇಕಾದ್ದು ವ್ಯವಸ್ಥೆಯ ಬದಲಾವಣೆ." ಬಹಳ ದೊಡ್ಡ ಮಾತು. ಆದರೆ ವ್ಯವಸ್ಥೆ ಅನ್ನೋದು ಎಲ್ಲಿದೆ ಅಂದುಕೊಂಡಿದ್ದೀರಿ? ವಿಧಾನಸೌಧದ ಗೋಪುರದಲ್ಲಾ? ಅದು ಪುರಸಭೆಯ ಗುಮಾಸ್ತನ ಮೇಜಿನ ಮೇಲೆ ಕೂತಿದೆ. ಚರಂಡಿ ಯಾವ ಬೀದಿಯಿಂದ ಹೊರಟು ಯಾವ ಬೀದಿಯಲ್ಲಿ ತೆರೆದುಕೊಳ್ಳುತ್ತೆ ಅಂತ ಹೋಗಿ ನೋಡಿ, ವರ್ಣಾಶ್ರಮದ ನಕ್ಷೆ ಸಿಗುತ್ತೆ. ಮೇಲಿನ ಬೀದಿಯ ಕೊಳೆ ಕೆಳಗಿನ ಬೀದಿಗೆ ಹರಿಯೋ ಹಾಗೆ ಮಟ್ಟ ಕಟ್ಟಿದ ಇಂಜಿನಿಯರಿಗೆ ಮನು ಓದಬೇಕಾದ ಅಗತ್ಯವೇ ಇಲ್ಲ. ಇನ್ನು ಕೆಲವು ಕವಿ ಮಿತ್ರರಿಗೆ ಪುರಸಭೆಯ ನಡಾವಳಿ ಪುಸ್ತಕ ಕಾವ್ಯಕ್ಕೆ ದೂರ. ಹಸಿವು, ಕತ್ತಲು, ಬೆಂಕಿ ಅಂತ ಬರೀತಾರೆ. ಬರೀಲಿ, ನಾವೂ ಬರೀತೀವಿ. ಆದರೆ ಯಾವ ಹಸಿವು, ಯಾರ ಬೀದಿಯ ಕತ್ತಲು, ಯಾವ ಶೆಡ್ಡಿಗೆ ಬಿದ್ದ ಬೆಂಕಿ ಅನ್ನೋದು ಆ ನಡಾವಳಿ ಪುಸ್ತಕದಲ್ಲಿ ತಾರೀಖಿನ ಸಮೇತ ಇದೆ.

ಈ ಪತ್ರಿಕೆ ಓದೋರಲ್ಲಿ ಬಹಳ ಜನ ತಮ್ಮ ಮನೆಗೆ ಮೊದಲು ಅಕ್ಷರ ತಂದವರು. ನಾವೂ ಹಾಗೇ. ನಮ್ಮ ಅಪ್ಪ ಅವ್ವಂದಿರು ಕೂಲಿ ಮಾಡಿ ಓದಿಸಿದ್ದು ನಾವು ಗುಮಾಸ್ತರಾಗಿ ಅವರ ಕಡೆಗೇ ಕಣ್ಣು ಕೆಂಪು ಮಾಡಲಿ ಅಂತಲ್ಲ. ಕೇರಿಗೆ ಬಂದ ನೋಟೀಸನ್ನ ಓದಿ ಹೇಳೋನು ಒಬ್ಬ ಇರಲಿ ಅಂತ. ಎಲ್ಲಿ ಹೆಬ್ಬೆಟ್ಟು ಒತ್ತು ಅಂತಾರೋ ಅಲ್ಲಿ "ತಡಿಯಪ್ಪಾ, ಓದ್ತೀನಿ" ಅನ್ನೋನು ಒಬ್ಬ ಇರಲಿ ಅಂತ. ಅಕ್ಷರದ ಋಣ ತೀರಿಸೋಕೆ ದೊಡ್ಡ ವೇದಿಕೆ ಬೇಕಿಲ್ಲ.

ಕೆಲಸ ಏನು ಅಂತ ಹೇಳಿಬಿಡ್ತೀವಿ. ಪ್ರತಿ ತಾಲ್ಲೂಕಿನಲ್ಲೂ ನಾಲ್ಕು ಜನ ಹುಡುಗರು, ಹುಡುಗಿಯರು ತಿಂಗಳಿಗೊಂದು ಸಲ ನಗರಸಭೆಗೆ ಹೋಗಿ. ನೋಟೀಸ್ ಬೋರ್ಡಿನಲ್ಲಿ ಇರೋದನ್ನೆಲ್ಲ ಬರೆದುಕೊಂಡು ಬನ್ನಿ. ಸಾಮಾನ್ಯ ಸಭೆಯ ನಡಾವಳಿ ಕೇಳಿ. ಶೇ. 24.10ರಲ್ಲಿ ಎಷ್ಟು ಬಂತು, ಎಷ್ಟು ಹೋಯಿತು, ಯಾವ ಕಾಮಗಾರಿ, ಯಾವ ಬೀದಿ ಅಂತ ಕೇಳಿ. ಕೊಡಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನದ ಗಡುವು. ಬಡತನ ರೇಖೆಗಿಂತ ಕೆಳಗಿರೋರಿಗೆ ಆ ಹತ್ತು ರೂಪಾಯಿಯೂ ಇಲ್ಲ. ತಂದ ಸುದ್ದಿಯನ್ನ ಕನ್ನಡದಲ್ಲಿ, ನಮ್ಮ ಅವ್ವಂದಿರಿಗೆ ತಿಳಿಯೋ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದು ಕೇರಿಯ ಗುಡಿ ಗೋಡೆಗೋ, ನಲ್ಲಿಕಟ್ಟೆಗೋ ಅಂಟಿಸಿ. ಓದೋಕೆ ಬರದೋರಿಗೆ ಸಂಜೆ ಓದಿ ಹೇಳಿ. ಪೌರಕಾರ್ಮಿಕರ ಕಾಲೋನಿಯಲ್ಲಿ ತೆಲುಗಿನಲ್ಲೂ ಹೇಳಿ. ಹಳ್ಳಿಯ ಮೇಷ್ಟ್ರುಗಳೇ, ಪೌರನೀತಿ ಪಾಠ ಬಂದಾಗ ಪುಸ್ತಕ ಮುಚ್ಚಿ ಮಕ್ಕಳನ್ನ ಪಂಚಾಯ್ತಿ ಕಚೇರಿಗೆ ಕರಕೊಂಡು ಹೋಗಿ. ಬಜೆಟ್ಟು ಕೇಳೋದು ಹೇಗೆ ಅಂತ ಅಲ್ಲೇ ಕಲಿಸಿ.

ಬೇಕಾದರೆ ತಮಟೆ ಬಡೀರಿ. ಯಾರದೋ ಜಾತ್ರೆಗೆ, ಯಾರದೋ ಸಾವಿಗೆ ಬಿಟ್ಟಿ ಬಡಿಯೋದನ್ನ ನಮ್ಮ ಚಳವಳಿ ಬೇಡ ಅಂದಿದೆ, ಅದು ಸರಿ. ಆದರೆ ನಮ್ಮ ದುಡ್ಡಿನ ಲೆಕ್ಕ ಸಾರೋಕೆ ನಾವೇ ಬಡಿಯೋ ತಮಟೆಗೆ ಯಾರ ಅಪ್ಪಣೆಯೂ ಬೇಡ. ಗುಂಡಿಯಲ್ಲಿ ಸತ್ತವರ ಹೆಸರು, ಅವರಿಗೆ ಬರಬೇಕಾದ ಹಣ, ಕೊಡದ ಅಧಿಕಾರಿಯ ಹುದ್ದೆ, ಮೂರನ್ನೂ ನಗರಸಭೆಯ ಬಾಗಿಲಿಗೇ ಹೋಗಿ ಸಾರಿ.

ಆ ಕಚೇರಿಯೊಳಗೆ ಹೋಗೋಕೆ ನಮ್ಮ ಹಿರಿಯರಿಗೆ ಎರಡೇ ಕಾರಣ ಇದ್ದವು: ಕೆಲಸ ಬೇಡೋಕೆ, ಇಲ್ಲವೇ ನೋಟೀಸು ಹಿಡಿದು ಅಳೋಕೆ. ಮೂರನೇ ಕಾರಣವನ್ನ ನಾವು ಉಂಟುಮಾಡಬೇಕು, ಲೆಕ್ಕ ಕೇಳೋಕೆ. ನಿಮ್ಮ ಊರಿನ ಪುರಸಭೆಯ ಮುಂದಿನ ಸಾಮಾನ್ಯ ಸಭೆ ಯಾವತ್ತು? ಈ ಪತ್ರಿಕೆ ಮಡಿಚಿಟ್ಟು ಮೊದಲು ಹೋಗಿ ಅದನ್ನ ಕೇಳಿಕೊಂಡು ಬನ್ನಿ. ಹೇಳಲ್ಲ ಅಂದರೆ, ಹೇಳೋವರೆಗೂ ಅಲ್ಲೇ ಕೂತಿರಿ.

ಜೈ ಭೀಮ್.